ಮಜ್ದಾ ರೋಟರಿ ಎಂಜಿನ್ ಮತ್ತೆ ಬರುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

2023ರ ಅಕ್ಟೋಬರ್‌ನಲ್ಲಿ ಟೋಕಿಯೋದ ಜಪಾನ್ ಮೊಬಿಲಿಟಿ ಶೋದಲ್ಲಿ ಜಪಾನಿನ ಕಾರು ಕಂಪನಿ ಮಜ್ದಾ ಒಂದು ಚಿಕ್ಕ ಕೆಂಪು ಕಾರನ್ನು ತಂದು ನಿಲ್ಲಿಸಿತು. ಹೆಸರು ಐಕಾನಿಕ್ ಎಸ್‌ಪಿ. ನೋಡಿದವರಿಗೆಲ್ಲ ಮಜ್ದಾದ ಹಳೆಯ ರೋಟರಿ ಸ್ಪೋರ್ಟ್ಸ್ ಕಾರು ಆರ್‌ಎಕ್ಸ್-7 ನೆನಪಾಯಿತು. ಒಳಗೆ ಎರಡು ರೋಟರ್‌ಗಳ ರೋಟರಿ ಎಂಜಿನ್ ಇದೆ ಅಂತ ಕಂಪನಿ ಹೇಳಿದ ಮೇಲಂತೂ ಕಾರು ಹುಚ್ಚಿನವರಿಗೆ ನಿದ್ದೆ ಇಲ್ಲ. ಅವತ್ತಿನಿಂದ ಕಿವಿಗೆ ಬೀಳುತ್ತಿರುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವಕ್ಕೆ ಒಂದು ಸಾಲು ಸಾಕು, ಕೆಲವಕ್ಕೆ ಕುರ್ಚಿ ಎಳೆದುಕೊಂಡು ಕೂರಬೇಕು.

ಸುದ್ದಿ ನಿಜಾನಾ, ಇಲ್ಲ ಸುಮ್ನೆ ಗಾಳಿಮಾತಾ?

ಅರ್ಧ ನಿಜ. ಮಜ್ದಾ ಏನು ಹೇಳಿದೆ, ಏನು ಹೇಳಿಲ್ಲ ಅನ್ನುವುದನ್ನು ಬೇರೆ ಬೇರೆ ಮಾಡಿ ನೋಡಬೇಕು.

ಹೇಳಿರುವುದು ಇಷ್ಟು. 2024ರ ಜನವರಿಯಲ್ಲಿ ಟೋಕಿಯೋ ಆಟೋ ಸಲೂನ್‌ನಲ್ಲಿ ಕಂಪನಿಯ ಅಧ್ಯಕ್ಷ ಮಸಾಹಿರೋ ಮೋರೊ ರೋಟರಿ ಎಂಜಿನ್ ತಂಡವನ್ನು ಮತ್ತೆ ಕಟ್ಟುತ್ತೇವೆ ಎಂದು ಘೋಷಿಸಿದರು. ಫೆಬ್ರವರಿ 1ರಂದು ಆ ತಂಡ ಶುರುವಾಯಿತು. ಅದರಲ್ಲಿ 36 ಎಂಜಿನಿಯರ್‌ಗಳು. 2025ರ ಅಕ್ಟೋಬರ್‌ನಲ್ಲಿ ಅದೇ ಜಪಾನ್ ಮೊಬಿಲಿಟಿ ಶೋದಲ್ಲಿ ವಿಷನ್ ಎಕ್ಸ್-ಕೂಪೆ ಎಂಬ ಇನ್ನೊಂದು ಮಾದರಿ ಬಂತು. ಅದರಲ್ಲೂ ಎರಡು ರೋಟರ್‌ಗಳ ಎಂಜಿನ್, ಈ ಸಲ ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೊ ಸಮೇತ.

ಹೇಳದೆ ಇರುವುದು ಕಾರು ಯಾವಾಗ ಅಂಗಡಿಗೆ ಬರುತ್ತದೆ ಅನ್ನುವುದು. ಬೆಲೆಯೂ ಇಲ್ಲ, ತಾರೀಖೂ ಇಲ್ಲ. ಎಂಜಿನ್ ಮೇಲೆ ಕೆಲಸ ನಡೆಯುತ್ತಿದೆ ಅನ್ನುವುದಕ್ಕೂ ಕಾರು ಬರುತ್ತಿದೆ ಅನ್ನುವುದಕ್ಕೂ ತುಂಬಾ ದೂರವಿದೆ. 2015ರಲ್ಲಿ ಆರ್‌ಎಕ್ಸ್-ವಿಷನ್ ಅಂತ ಒಂದು ಮಾದರಿ ತೋರಿಸಿದ್ದರು. ಉದ್ದ ಮೂಗಿನ ಸುಂದರಿ. ಅದು ರಸ್ತೆಗೆ ಇಳಿಯಲೇ ಇಲ್ಲ.

ಮಜ್ದಾ ಅಂದ್ರೆ ನಮ್ಮ ಸ್ವರಾಜ್ ಮಜ್ದಾ ಬಸ್ಸಿನವರೇನಾ?

ಹೌದು, ಅವರೇ. 80ರ ದಶಕದಲ್ಲಿ ಪಂಜಾಬಿನ ಕಂಪನಿಯೊಂದಿಗೆ ಕೈಜೋಡಿಸಿ ಲಾರಿ, ಮಿನಿ ಬಸ್ ಮಾಡಿದರು. ನಮ್ಮಲ್ಲಿ ಎಷ್ಟೋ ಮಕ್ಕಳು ಶಾಲೆಗೆ ಹೋಗಿದ್ದು ಅದರಲ್ಲೇ. ಆದರೆ ಅದರಲ್ಲಿದ್ದದ್ದು ಸಾದಾ ಡೀಸೆಲ್ ಎಂಜಿನ್, ರೋಟರಿ ಅಲ್ಲ. ಜಪಾನಿನಲ್ಲಿ ಮಾತ್ರ 1974ರಲ್ಲಿ ಪಾರ್ಕ್‌ವೇ ಅನ್ನುವ ಮಿನಿ ಬಸ್ಸಿಗೂ ರೋಟರಿ ಎಂಜಿನ್ ಕೂರಿಸಿ ಮಾರಿದ್ದರು. ಬಸ್ಸಿಗೆ ಸ್ಪೋರ್ಟ್ಸ್ ಕಾರಿನ ಎಂಜಿನ್! ಆ ಕಾಲದ ಮಜ್ದಾದ ಉಮೇದು ಹಾಗಿತ್ತು.

ರೋಟರಿ ಎಂಜಿನ್ ಅಂದರೆ ಏನು? ಪಿಸ್ಟನ್ ಇಲ್ಲದೆ ಹೇಗೆ ಓಡುತ್ತದೆ?

ಸಾಮಾನ್ಯ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಆ ಓಡಾಟವನ್ನು ಕ್ರ್ಯಾಂಕ್ ಶಾಫ್ಟ್ ಸುತ್ತುವಿಕೆಯಾಗಿ ಬದಲಿಸುತ್ತದೆ. ಪ್ರತಿ ಸಲವೂ ಪಿಸ್ಟನ್ ನಿಂತು, ದಿಕ್ಕು ಬದಲಿಸಿ ವಾಪಸ್ ಬರಬೇಕು. ನಡುಕ ಬರುವುದು ಅಲ್ಲಿಂದಲೇ.

ರೋಟರಿಯಲ್ಲಿ ಆ ಹಿಂದೆ ಮುಂದೆ ಇಲ್ಲ. ಸಮೋಸಾ ತರಹದ ಮೂರು ಮೂಲೆಯ, ಬದಿ ಉಬ್ಬಿದ ಒಂದು ಲೋಹದ ತುಂಡು. ಅದೇ ರೋಟರ್. ನಡುವೆ ಸ್ವಲ್ಪ ಸೊಂಟ ಕಟ್ಟಿದ ಮೊಟ್ಟೆಯಾಕಾರದ ಕೋಣೆಯಲ್ಲಿ ಅದು ಸುತ್ತುತ್ತದೆ. ಮೂರು ಮೂಲೆಗಳೂ ಯಾವಾಗಲೂ ಕೋಣೆಯ ಗೋಡೆಗೆ ತಾಗಿಕೊಂಡೇ ಇರುತ್ತವೆ. ಹಾಗಾಗಿ ರೋಟರ್‌ನ ಮೂರು ಬದಿಗೆ ಮೂರು ಖಾಲಿ ಜಾಗ. ರೋಟರ್ ತಿರುಗಿದಂತೆ ಆ ಜಾಗಗಳು ದೊಡ್ಡದಾಗುತ್ತವೆ, ಚಿಕ್ಕದಾಗುತ್ತವೆ. ಒಂದು ಕಡೆ ಗಾಳಿ ಮತ್ತು ಪೆಟ್ರೋಲ್ ಒಳಗೆ ಬರುತ್ತದೆ. ಮುಂದೆ ಅದು ಒತ್ತಿಕೊಳ್ಳುತ್ತದೆ, ಕಿಡಿ ಬೀಳುತ್ತದೆ, ಉರಿಯುತ್ತದೆ, ಕೊನೆಗೆ ಹೊಗೆ ಆಚೆ ಹೋಗುತ್ತದೆ. ಈ ನಾಲ್ಕು ಕೆಲಸ ಪಿಸ್ಟನ್ ಎಂಜಿನ್‌ನಲ್ಲಿ ಒಂದೇ ಜಾಗದಲ್ಲಿ ಸರದಿಯಂತೆ ನಡೆಯುತ್ತವೆ. ಇಲ್ಲಿ ಬೇರೆ ಬೇರೆ ಜಾಗದಲ್ಲಿ, ಒಂದೇ ಸಮಯಕ್ಕೆ ನಡೆಯುತ್ತಿರುತ್ತವೆ.

ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ನಡುವಿನ ಶಾಫ್ಟ್ ಮೂರು ಸುತ್ತು ಸುತ್ತುತ್ತದೆ. ಅಂದರೆ ಶಾಫ್ಟ್ 9000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 9000 ಸುತ್ತು, ತೋರಿಸುವಾಗ ರೋಟರ್ ಸುತ್ತುತ್ತಿರುವುದು 3000ದಲ್ಲಿ ಮಾತ್ರ. ವಾಲ್ವ್ ಇಲ್ಲ, ಕ್ಯಾಮ್ ಶಾಫ್ಟ್ ಇಲ್ಲ, ಟೈಮಿಂಗ್ ಬೆಲ್ಟ್ ಇಲ್ಲ. ಗೋಡೆಯಲ್ಲಿ ಕೊರೆದ ತೂತುಗಳನ್ನು ರೋಟರ್ ತಾನೇ ಮುಚ್ಚಿ ತೆರೆಯುತ್ತದೆ. ಎಂಜಿನ್ ಪುಟ್ಟದು, ಹಗುರ. ಅದನ್ನು ಮುಂದಿನ ಚಕ್ರಗಳ ಹಿಂದೆ, ನೆಲಕ್ಕೆ ಹತ್ತಿರ ಕೂರಿಸಬಹುದು. ಆರ್‌ಎಕ್ಸ್-7 ತಿರುವಿನಲ್ಲಿ ಅಷ್ಟು ಚುರುಕಾಗಿದ್ದ ಗುಟ್ಟು ಇದು. ಬರೀ ಶಕ್ತಿಯಿಂದ ಆಗಿದ್ದಲ್ಲ.

ಆರ್‌ಎಕ್ಸ್-7ರ 13ಬಿ ಎಂಜಿನ್ ಬರೀ 1308 ಸಿಸಿ ಅಂತಾರೆ. ಅಷ್ಟರಲ್ಲಿ 280 ಪಿಎಸ್ (ಅಶ್ವಶಕ್ತಿಯ ಅಳತೆ) ಹೇಗೆ ಬರುತ್ತದೆ?

ಲೆಕ್ಕ ಹಾಕುವ ರೀತಿಯಲ್ಲಿ ಸ್ವಲ್ಪ ಚಾಲಾಕಿತನ ಇದೆ. ಒಂದು ರೋಟರ್‌ಗೆ 654 ಸಿಸಿ, ಎರಡಕ್ಕೆ 1308. ಆದರೆ ಇದು ಮೂರು ಬದಿಗಳಲ್ಲಿ ಒಂದೇ ಬದಿಯ ಲೆಕ್ಕ. ನಾಲ್ಕು ಸ್ಟ್ರೋಕ್ ಪಿಸ್ಟನ್ ಎಂಜಿನ್ ತನ್ನ ಪೂರ್ತಿ ಸಿಸಿಯಷ್ಟು ಗಾಳಿ ಎಳೆದುಕೊಳ್ಳಲು ಶಾಫ್ಟ್ ಎರಡು ಸುತ್ತು ಸುತ್ತಬೇಕು. ಅದೇ ಎರಡು ಸುತ್ತಿನಲ್ಲಿ 13ಬಿ 2616 ಸಿಸಿ ಗಾಳಿ ಎಳೆಯುತ್ತದೆ. ಹಾಗಾಗಿ 2.6 ಲೀಟರ್ ಎಂಜಿನ್ ಜೊತೆ ಹೋಲಿಸುವುದು ನ್ಯಾಯ. ಜಪಾನಿನ ತೆರಿಗೆಯವರೂ ರೋಟರಿಯ ಸಿಸಿಯನ್ನು ಒಂದೂವರೆ ಪಟ್ಟು ಮಾಡಿ ಲೆಕ್ಕ ಹಾಕುತ್ತಿದ್ದರು. ಅವರನ್ನು ಯಾಮಾರಿಸುವುದು ಅಷ್ಟು ಸುಲಭ ಅಲ್ಲ.

ಹಳೆಯ ಕ್ಲಾಸಿಕ್ ಎಂಜಿನ್ ಅಂತ ಎಲ್ಲರೂ ನೆನೆಯುವುದು ಯಾವುದನ್ನು?

13ಬಿ-ಆರ್‌ಇಡಬ್ಲ್ಯೂ. 1991ರ ಕೊನೆಗೆ ಬಂದ ಮೂರನೇ ತಲೆಮಾರಿನ ಆರ್‌ಎಕ್ಸ್-7ರಲ್ಲಿದ್ದದ್ದು. ಅಭಿಮಾನಿಗಳು ಆ ಕಾರನ್ನು ಎಫ್‌ಡಿ ಅನ್ನುತ್ತಾರೆ. ಅದಕ್ಕೆ ಎರಡು ಟರ್ಬೊ. ಮೊದಲು ಒಂದು ಕೆಲಸಕ್ಕೆ ಇಳಿಯುತ್ತದೆ, ಆರ್‌ಪಿಎಂ ಏರಿದಾಗ ಎರಡನೆಯದು ಸೇರಿಕೊಳ್ಳುತ್ತದೆ. ಶುರುವಿನಲ್ಲಿ 255 ಪಿಎಸ್, ಕೊನೆಯ ವರ್ಷಗಳಲ್ಲಿ 280. 2002ರಲ್ಲಿ ಸ್ಪಿರಿಟ್ ಆರ್ ಎಂಬ ಹೆಸರಿನ 1500 ಕಾರುಗಳೊಂದಿಗೆ ಎಫ್‌ಡಿ ಮುಗಿಯಿತು. 1978ರಿಂದ ಮೂರೂ ತಲೆಮಾರು ಸೇರಿ 8 ಲಕ್ಷಕ್ಕೂ ಹೆಚ್ಚು ಆರ್‌ಎಕ್ಸ್-7 ತಯಾರಾದವು.

ಐಕಾನಿಕ್ ಎಸ್‌ಪಿಯ ಮೈಕಟ್ಟಿನಲ್ಲಿ ಈ ಎಫ್‌ಡಿಯ ನೆರಳು ಢಾಳಾಗಿ ಕಾಣುತ್ತದೆ. ಮೂಗು ತಗ್ಗು, ದೀಪಗಳು ಒಳಗಿನಿಂದ ಏಳುತ್ತವೆ. ಎತ್ತರ 1150 ಮಿಲಿಮೀಟರ್ ಮಾತ್ರ.

ಈ ಎಂಜಿನ್ ಕಂಡುಹಿಡಿದವರು ಜಪಾನಿನವರಾ?

ಅಲ್ಲ, ಜರ್ಮನಿಯ ಫೆಲಿಕ್ಸ್ ವಾಂಕೆಲ್. ಎನ್‌ಎಸ್‌ಯು ಕಂಪನಿ ಜೊತೆ ಕೆಲಸ ಮಾಡಿ 1957ರಲ್ಲಿ ಮೊದಲ ಎಂಜಿನ್ ಓಡಿಸಿದರು. 1964ರಲ್ಲಿ ಎನ್‌ಎಸ್‌ಯು ಸ್ಪೈಡರ್ ಎಂಬ ಪುಟ್ಟ ಕಾರು ಮಾರುಕಟ್ಟೆಗೆ ಬಂತು. ರೋಟರಿ ಎಂಜಿನ್‌ನ ಮೊದಲ ಕಾರು ಅದೇ.

ಹಿರೋಶಿಮಾದ ಮಜ್ದಾ, ಆಗಿನ ಹೆಸರು ಟೋಯೋ ಕೋಗ್ಯೋ, ಇದರೊಳಗೆ ಕೈ ಹಾಕಿದ್ದಕ್ಕೆ ಬೇರೆಯೇ ಕಾರಣ ಇತ್ತು. ಜಪಾನ್ ಸರ್ಕಾರ ಸಣ್ಣ ಕಾರು ಕಂಪನಿಗಳನ್ನು ದೊಡ್ಡವುಗಳ ಜೊತೆ ಸೇರಿಸುವ ಯೋಚನೆಯಲ್ಲಿತ್ತು. ನಮ್ಮ ಹತ್ತಿರ ಬೇರೆಯವರ ಬಳಿ ಇಲ್ಲದ್ದು ಏನಾದರೂ ಇದ್ದರೆ ಮಾತ್ರ ಉಳಿಯುತ್ತೇವೆ ಅಂತ ಅಧ್ಯಕ್ಷ ತ್ಸುನೇಜಿ ಮತ್ಸುದಾ ಲೆಕ್ಕ ಹಾಕಿದರು. 1961ರಲ್ಲಿ ಪರವಾನಗಿ ಕೈಗೆ ಬಂತು. ಎಂಜಿನ್ ಬಂದ ಮೇಲೆ ಗೊತ್ತಾಯಿತು, ಅದು ಇನ್ನೂ ಅರ್ಧ ಬೆಂದಿದೆ ಅಂತ.

ಸ್ವಲ್ಪ ಹೊತ್ತು ಓಡಿಸಿದರೆ ಕೋಣೆಯ ಗೋಡೆಯ ಮೇಲೆ ಸಾಲು ಸಾಲು ಗೀರು. ರೋಟರ್‌ನ ಮೂರು ತುದಿಯಲ್ಲೂ ಗಾಳಿ ಸೋರದಂತೆ ತಡೆಯುವ ಪಟ್ಟಿ ಇರುತ್ತದೆ. ಅಪೆಕ್ಸ್ ಸೀಲ್ ಅನ್ನುತ್ತಾರೆ. ಅದು ಗೋಡೆಗೆ ಉಜ್ಜುವಾಗ ಕಂಪಿಸಿ ಕುಣಿಯುತ್ತಿತ್ತು, ಕುಣಿದಲ್ಲೆಲ್ಲ ಗೋಡೆ ಕೆರೆಯುತ್ತಿತ್ತು. ಮಜ್ದಾದವರು ಅದನ್ನು ದೆವ್ವದ ಉಗುರಿನ ಗುರುತು ಅಂತ ಕರೆದರು. ಕೆನಿಚಿ ಯಾಮಾಮೊತೊ ಎಂಬ ಎಂಜಿನಿಯರ್ ಕೈಯಲ್ಲಿ 1963ರಲ್ಲಿ ಒಂದು ತಂಡ ಕೊಟ್ಟರು. 47 ಜನ. ಸತ್ತ ಒಡೆಯನ ಸೇಡು ತೀರಿಸಿಕೊಂಡ 47 ಸಮುರಾಯ್‌ಗಳ ಕಥೆ ಜಪಾನಿನಲ್ಲಿ ಮನೆಮಾತು. ತಂಡಕ್ಕೂ ಅದೇ ಹೆಸರು ಅಂಟಿಕೊಂಡಿತು.

ಮೊದಲು ಸೀಲ್‌ಗೆ ಅಡ್ಡಕ್ಕೂ ಉದ್ದಕ್ಕೂ ತೂತು ಕೊರೆದು ಅದರ ಕಂಪನದ ಲಯವನ್ನೇ ಬದಲಿಸಿದರು. ಗೀರು ನಿಂತಿತು. ಆಮೇಲೆ ಮಾರಾಟದ ಕಾರಿಗೆಂದು ಕಾರ್ಬನ್ ಒಳಗೆ ಅಲ್ಯೂಮಿನಿಯಂ ತುಂಬಿದ ಸೀಲ್ ಮಾಡಿಸಿದರು. 1967ರ ಮೇ ತಿಂಗಳಲ್ಲಿ ಕಾಸ್ಮೋ ಸ್ಪೋರ್ಟ್ ಬಂತು. ಎರಡು ರೋಟರ್, ಒಂದೊಂದೂ 491 ಸಿಸಿ, 110 ಪಿಎಸ್. ಮುಂದಿನ ವರ್ಷ ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್‌ನಲ್ಲಿ 84 ಗಂಟೆಯ ರೇಸ್‌ಗೆ ಎರಡು ಕಾಸ್ಮೋ ಕಳಿಸಿದರು. ಒಂದು 82ನೇ ಗಂಟೆಯಲ್ಲಿ ನಿಂತಿತು. ಇನ್ನೊಂದು ನಾಲ್ಕನೇ ಸ್ಥಾನದಲ್ಲಿ ಮುಗಿಸಿತು. ಎಂಜಿನ್ ಹುಟ್ಟಿದ ಊರಿಗೇ ಹೋಗಿ ತೋರಿಸಿ ಬಂದಂತಾಯಿತು.

ಈಗಿನ ತಂಡದಲ್ಲಿ 36 ಜನ ಅಂದೆನಲ್ಲ, ಅವರ ಮುಂದೆ ಇರುವ ದೆವ್ವ ಬೇರೆ. ಅದರ ಮಾತು ಮುಂದೆ ಬರುತ್ತದೆ.

ಬೇರೆ ಕಂಪನಿಗಳು ಯಾಕೆ ಕೈ ಬಿಟ್ಟವು?

ಒಂದು ಕಾಲಕ್ಕೆ ಎಲ್ಲರೂ ಇದರ ಹಿಂದೆ ಬಿದ್ದಿದ್ದರು. ಮರ್ಸಿಡಿಸ್ ಸಿ111 ಎಂಬ ಪರೀಕ್ಷೆಯ ಕಾರಿನಲ್ಲಿ ರೋಟರಿ ಹಾಕಿತ್ತು. ಜನರಲ್ ಮೋಟರ್ಸ್ ಪರವಾನಗಿ ತೆಗೆದುಕೊಂಡು ವರ್ಷಗಟ್ಟಲೆ ದುಡ್ಡು ಸುರಿಯಿತು. ಸಿಟ್ರೋಯೆನ್ 1973ರಲ್ಲಿ ಜಿಎಸ್ ಬೈರೋಟರ್ ಮಾರಿತು. ಆಮೇಲೆ ಮಾರಿದ ಕಾರುಗಳನ್ನೇ ವಾಪಸ್ ಕೊಂಡು ಗುಜರಿಗೆ ಹಾಕಿತು. ಎನ್‌ಎಸ್‌ಯು ಕಥೆ ಇನ್ನೂ ಬೇಜಾರಿನದು. 1967ರ ಆರ್‌ಒ80 ಕಾರಿಗೆ ಯುರೋಪಿನ ವರ್ಷದ ಕಾರು ಪ್ರಶಸ್ತಿ ಸಿಕ್ಕಿತು, ಆದರೆ ಎಂಜಿನ್‌ಗಳು ಬೇಗ ಸವೆದವು. ವಾರಂಟಿ ಖರ್ಚಿನಲ್ಲೇ ಕಂಪನಿ ಬಳಲಿ 1969ರಲ್ಲಿ ಫೋಕ್ಸ್‌ವ್ಯಾಗನ್ ತೆಕ್ಕೆಗೆ ಹೋಯಿತು.

1973ರ ತೈಲ ಬಿಕ್ಕಟ್ಟು ಉಳಿದವರ ಆಸೆಯನ್ನೂ ಮುಗಿಸಿತು. ರೋಟರಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಮಜ್ದಾ ಕೂಡ ಮುಳುಗುವ ಹಂತಕ್ಕೆ ಹೋಗಿ, ಸುಮಿತೊಮೊ ಬ್ಯಾಂಕ್ ಕೈಹಿಡಿದು, 1979ರಲ್ಲಿ ಫೋರ್ಡ್‌ಗೆ ಪಾಲು ಕೊಟ್ಟು ಬದುಕಿತು. ಅಂಥ ಹೊತ್ತಿನಲ್ಲಿ ರೋಟರಿಯನ್ನು ಬಿಡದೆ, ಮನೆಯವರ ಕಾರಿನಿಂದ ತೆಗೆದು ಸ್ಪೋರ್ಟ್ಸ್ ಕಾರಿಗೆ ಮಾತ್ರ ಇಟ್ಟುಕೊಂಡರು. ಜಾಣ ತೀರ್ಮಾನ. ಆರ್‌ಎಕ್ಸ್-7 ಹುಟ್ಟಿದ್ದು ಅದರಿಂದ.

ಫ್ರಾನ್ಸಿನ ಲ ಮಾನ್ ರೇಸ್ ಗೆದ್ದ ಮೇಲೆ ಹೆದರಿ ರೋಟರಿಯನ್ನು ಬ್ಯಾನ್ ಮಾಡಿದರಂತೆ, ಹೌದಾ?

ಈ ಕಥೆ ಎಲ್ಲ ಕಡೆ ಓಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಹಾಗಾಗಿದ್ದಲ್ಲ.

1991ರ ಲ ಮಾನ್ 24 ಗಂಟೆ ರೇಸ್ ಗೆದ್ದದ್ದು ಮಜ್ದಾ 787ಬಿ. ಕಿತ್ತಳೆ, ಹಸಿರು ಬಣ್ಣದ 55ನೇ ನಂಬರ್ ಕಾರು. ನಾಲ್ಕು ರೋಟರ್, 2616 ಸಿಸಿ, ಸುಮಾರು 700 ಎಚ್‌ಪಿ. ಫೋಲ್ಕರ್ ವೈಡ್ಲರ್, ಜಾನಿ ಹರ್ಬರ್ಟ್, ಬರ್ಟ್ರಾಂಡ್ ಗಾಶೊ ಓಡಿಸಿದರು. ಒಟ್ಟು 362 ಸುತ್ತು. ಮುಂದಿದ್ದ ಮರ್ಸಿಡಿಸ್ ಕೊನೆಯ ಗಂಟೆಗಳಲ್ಲಿ ಬಿಸಿಯಾಗಿ ನಿಂತಿತು, ಮಜ್ದಾ ಮುಂದೆ ಬಂತು. ಹರ್ಬರ್ಟ್ ಕಾರಿನಿಂದ ಇಳಿದಾಗ ಎಷ್ಟು ಸುಸ್ತಾಗಿದ್ದರೆಂದರೆ ಪೋಡಿಯಂ ಹತ್ತಲೂ ಆಗಲಿಲ್ಲ. ಲ ಮಾನ್ ಗೆದ್ದ ಮೊದಲ ಜಪಾನಿ ಕಂಪನಿ ಮಜ್ದಾ. ಎರಡನೆಯದು ಟೊಯೋಟಾ, ಅದೂ 2018ರಲ್ಲಿ.

ಇನ್ನು ಬ್ಯಾನ್ ವಿಷಯ. 3.5 ಲೀಟರ್‌ನ ಪಿಸ್ಟನ್ ಎಂಜಿನ್‌ಗಳ ಹೊಸ ನಿಯಮ ರೇಸ್‌ಗೆ ಮುಂಚೆಯೇ ತೀರ್ಮಾನವಾಗಿತ್ತು. ಅದು ರೋಟರಿಗೆ ಕೊನೆಯ ಅವಕಾಶ ಅಂತ ಮಜ್ದಾಗೆ ಗೊತ್ತಿತ್ತು. ಇನ್ನೊಂದು ವಿಷಯವನ್ನು ಅಭಿಮಾನಿಗಳು ಹೇಳುವುದಿಲ್ಲ. ನಿಯಮದ ಪ್ರಕಾರ ಮಜ್ದಾಗೆ 830 ಕೆಜಿಯಲ್ಲಿ ಓಡಲು ಬಿಟ್ಟಿದ್ದರು. ಜಾಗ್ವಾರ್, ಮರ್ಸಿಡಿಸ್‌ಗೆ 1000 ಕೆಜಿ. ಇದರಿಂದ ಗೆಲುವಿನ ಬೆಲೆ ಕಡಿಮೆಯಾಗುವುದಿಲ್ಲ. ನಿಯಮವನ್ನು ಓದಿ ಬಳಸಿಕೊಳ್ಳುವುದೂ ರೇಸಿನ ಭಾಗವೇ ಅಲ್ವಾ.

ಅಷ್ಟು ಚೆನ್ನಾಗಿದ್ದರೆ 2012ರಲ್ಲಿ ಯಾಕೆ ನಿಲ್ಲಿಸಿದರು?

ಹೊಗೆಯಿಂದಾಗಿ. ಈ ಪುಟದ ಮುಖ್ಯ ವಿಷಯವೇ ಇದು.

ಆರ್‌ಎಕ್ಸ್-7 ಹೋದ ಮೇಲೆ 2003ರಲ್ಲಿ ಆರ್‌ಎಕ್ಸ್-8 ಬಂತು. ಟರ್ಬೊ ಇಲ್ಲ, ಹಿಂದಕ್ಕೆ ತೆರೆಯುವ ಪುಟ್ಟ ಬಾಗಿಲು, ನಾಲ್ಕು ಸೀಟು. ಅದರ ರೆನೆಸಿಸ್ ಎಂಜಿನ್ 250 ಪಿಎಸ್‌ವರೆಗೆ ಕೊಡುತ್ತಿತ್ತು, ಅದೇ ವರ್ಷ ಅಂತರರಾಷ್ಟ್ರೀಯ ಎಂಜಿನ್ ಪ್ರಶಸ್ತಿಯನ್ನೂ ಗೆದ್ದಿತು. ಹೊಗೆ ಕಡಿಮೆ ಮಾಡಲು ಹೊಗೆ ಹೋಗುವ ದಾರಿಯನ್ನು ಬದಿಯ ಗೋಡೆಗೆ ಸರಿಸಿದ್ದರು. ಅಷ್ಟು ಮಾಡಿದರೂ ಯುರೋಪಿನ ಯುರೋ 5 ನಿಯಮ ದಾಟಲಿಲ್ಲ. 2010ರಲ್ಲಿ ಅಲ್ಲಿ ಮಾರಾಟ ನಿಂತಿತು, 2012ರಲ್ಲಿ ಜಪಾನಿನಲ್ಲಿ ತಯಾರಿಕೆಯೇ ನಿಂತಿತು.

ಕಾರಣ ಎಂಜಿನ್‌ನ ಆಕಾರದಲ್ಲೇ ಇದೆ. ಪೆಟ್ರೋಲ್ ಉರಿಯುವ ಜಾಗ ಉದ್ದಕ್ಕೆ, ತೆಳ್ಳಗೆ, ಅದೂ ಓಡುತ್ತಲೇ ಇರುತ್ತದೆ. ಬೆಂಕಿ ಒಂದು ತುದಿಯಿಂದ ಇನ್ನೊಂದು ತುದಿಗೆ ತಲುಪುವುದೇ ಕಷ್ಟ. ಅದಕ್ಕೇ 13ಬಿಯಲ್ಲಿ ಒಂದು ರೋಟರ್‌ಗೆ ಎರಡು ಸ್ಪಾರ್ಕ್ ಪ್ಲಗ್. ಗೋಡೆಯ ಮೈ ಜಾಸ್ತಿ ಇರುವುದರಿಂದ ಶಾಖವೂ ಜಾಸ್ತಿ ಸೋರುತ್ತದೆ. ಮೂಲೆಯಲ್ಲಿ ಸಿಕ್ಕಿಕೊಂಡ ಪೆಟ್ರೋಲ್ ಉರಿಯದೆ ಹಾಗೇ ಆಚೆ ಹೋಗುತ್ತದೆ. ಜೊತೆಗೆ ಸೀಲ್ ಸವೆಯದಿರಲಿ ಅಂತ ಸ್ವಲ್ಪ ಆಯಿಲ್ ಒಳಗೆ ಬಿಡುತ್ತಾರೆ, ಅದೂ ಉರಿಯುತ್ತದೆ. ಯಾಮಾಮೊತೊ ತಂಡದ ದೆವ್ವ ಗೋಡೆಯ ಮೇಲೆ ಉಗುರಿನ ಗುರುತು ಬಿಟ್ಟಿತ್ತು. ಈಗಿನ ದೆವ್ವ ಸೈಲೆನ್ಸರ್ ಕೊಳವೆಯಲ್ಲಿ ಕೂತಿದೆ.

ಅದಕ್ಕೇ ಹೊಸ ಎಂಜಿನ್ ಎಷ್ಟು ಪಿಎಸ್ ಅಂತ ಯಾರಾದರೂ ಕುಣಿದಾಡಿದರೆ ನನಗೆ ಅಷ್ಟು ಉತ್ಸಾಹ ಬರುವುದಿಲ್ಲ. ಶಕ್ತಿ ತೆಗೆಯುವುದು ರೋಟರಿಗೆ ಯಾವತ್ತೂ ಕಷ್ಟವಾಗಿರಲಿಲ್ಲ. ಯುರೋಪ್, ಅಮೆರಿಕ, ಜಪಾನ್ ಮೂರೂ ಕಡೆಯ ಹೊಗೆ ಪರೀಕ್ಷೆ ಪಾಸಾಯಿತು ಅನ್ನುವ ಸುದ್ದಿ ಬರಲಿ. ಆವತ್ತು ನಾನೂ ಕುಣಿಯುತ್ತೇನೆ.

ಮಜ್ದಾದ ಎಂಎಕ್ಸ್-30 ಕಾರಿನಲ್ಲಿ ರೋಟರಿ ಬಂದಿದೆಯಲ್ಲ, ಮತ್ತೆ ಕಾಯುವುದು ಯಾಕೆ?

ಬಂದಿದೆ, ನಿಜ. 2023ರ ಜನವರಿಯಲ್ಲಿ ಬ್ರಸೆಲ್ಸ್‌ನಲ್ಲಿ ತೋರಿಸಿದ ಎಂಎಕ್ಸ್-30 ಆರ್-ಇವಿಯಲ್ಲಿ ಒಂದೇ ರೋಟರ್‌ನ 830 ಸಿಸಿ ಎಂಜಿನ್ ಇದೆ. 75 ಪಿಎಸ್. ಆದರೆ ಚಕ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಬ್ಯಾಟರಿಗೆ ಕರೆಂಟ್ ಮಾಡಿಕೊಡುವುದಷ್ಟೇ ಅದರ ಕೆಲಸ. 17.8 ಕಿಲೋವ್ಯಾಟ್ ಅವರ್ ಬ್ಯಾಟರಿ, ಅದರಲ್ಲೇ 85 ಕಿಲೋಮೀಟರ್, ಆಮೇಲೆ 50 ಲೀಟರ್ ಟ್ಯಾಂಕ್ ಇದೆ.

ಸ್ಪೋರ್ಟ್ಸ್ ಕಾರಿನ ಕನಸು ಕಾಣುವವರು ಇದನ್ನು ನೋಡಿ ಮೂಗು ಮುರಿದರು. ನಾನು ಮುರಿಯುವುದಿಲ್ಲ. ಈ ಸಣ್ಣ ಎಂಜಿನ್ ಹೊಸದಾಗಿ ಕಟ್ಟಿದ್ದು, ಹಳೆಯ ರೆನೆಸಿಸ್ ಅರ್ಧ ಮಾಡಿದ್ದಲ್ಲ. ಪೆಟ್ರೋಲ್ ನೇರವಾಗಿ ಒಳಗೆ ಚಿಮ್ಮುತ್ತದೆ. ಅಪೆಕ್ಸ್ ಸೀಲ್ ದಪ್ಪ 2 ಮಿಲಿಮೀಟರ್‌ನಿಂದ 2.5ಕ್ಕೆ ಏರಿದೆ. ಬದಿಯ ಗೋಡೆಗಳು ಅಲ್ಯೂಮಿನಿಯಂ, ಹಾಗಾಗಿ 15 ಕೆಜಿಗೂ ಹೆಚ್ಚು ತೂಕ ಇಳಿದಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಯುರೋಪಿನ ಈಗಿನ ಕಾಲದ ಹೊಗೆ ನಿಯಮ ದಾಟಿ ಮಾರಾಟಕ್ಕೆ ಬಂದ ರೋಟರಿ ಇದು. ಹತ್ತು ವರ್ಷ ಖಾಲಿ ಬಿದ್ದಿದ್ದ ಕೆಲಸದವರ ಕೈಗೆ ಮತ್ತೆ ಅಭ್ಯಾಸ ಸಿಕ್ಕಿದೆ.

ಐಕಾನಿಕ್ ಎಸ್‌ಪಿಯಲ್ಲಿ ಎಂಜಿನ್ ಚಕ್ರ ತಿರುಗಿಸುತ್ತದಾ?

ತೋರಿಸಿದ ಮಾದರಿಯ ಪ್ರಕಾರ ಇಲ್ಲ. ಅಲ್ಲೂ ರೋಟರಿ ಜನರೇಟರ್, ಓಡಿಸುವುದು ಮೋಟರ್. 370 ಪಿಎಸ್, 1450 ಕೆಜಿ, ತೂಕ ಮುಂದೆ ಹಿಂದೆ ಸಮ ಸಮ. ಕಾಗದದ ಮೇಲೆ ಎಫ್‌ಡಿಯನ್ನು ಆರಾಮಾಗಿ ಹಿಂದೆ ಹಾಕುವ ಅಂಕಿಗಳು.

ಆದರೂ ಒಂದು ಕಸಿವಿಸಿ ಇದೆ. ಜನ 13ಬಿಯನ್ನು ಪ್ರೀತಿಸಿದ್ದು ಅದು ಕರೆಂಟ್ ಮಾಡುತ್ತದೆ ಅಂತಲ್ಲ. ಕಾಲು ಒತ್ತಿದಷ್ಟೂ ಆರ್‌ಪಿಎಂ ಮುಳ್ಳು ನಡುಕವಿಲ್ಲದೆ ಏರುತ್ತಿತ್ತು. ಎಷ್ಟು ನುಣುಪು ಅಂದರೆ ಎಂಜಿನ್ ದಾಟಬಾರದ ವೇಗದ ಕೆಂಪು ಗೆರೆ ಹತ್ತಿರ ಬಂದದ್ದೇ ಗೊತ್ತಾಗುತ್ತಿರಲಿಲ್ಲ, ಅದಕ್ಕಾಗಿ ಎಚ್ಚರಿಸುವ ಬಜರ್ ಇಟ್ಟಿದ್ದರು. ಜನರೇಟರ್ ಆಗಿ ದುಡಿಯುವ ಎಂಜಿನ್‌ಗೆ ತನಗೆ ಅನುಕೂಲವಾದ ವೇಗದಲ್ಲಿ ಸುತ್ತಿದರೆ ಸಾಕು. ಹೊಗೆ ಕಡಿಮೆ ಮಾಡಲು ಅದು ಒಳ್ಳೆಯದೇ. ಒಂದೇ ವೇಗದಲ್ಲಿ ಓಡುವ ಎಂಜಿನ್ ಅನ್ನು ಪಳಗಿಸುವುದು ಸುಲಭ. ಆದರೆ ನಮ್ಮ ಕಾಲಿಗೂ ಅದಕ್ಕೂ ನಡುವಿನ ತಂತಿ ಕಡಿದುಹೋಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಹೊಸ ಎಂಜಿನ್ ಹಳೆಯದನ್ನು ನೆನಪಿಸುತ್ತದಾ ಇಲ್ಲವಾ ಅನ್ನುವುದು ನಿಂತಿರುವುದು ಈ ಒಂದೇ ಪ್ರಶ್ನೆಯ ಮೇಲೆ. ಏಳುವ ದೀಪ, ಕೆಂಪು ಬಣ್ಣ ಯಾರು ಬೇಕಾದರೂ ಮಾಡಬಹುದು. 200 ಪಿಎಸ್ ಇದ್ದರೂ ಪರವಾಗಿಲ್ಲ, ಎಂಜಿನ್ ಚಕ್ರಕ್ಕೆ ಸೇರಿರಲಿ.

ಹಾಗಿದ್ದರೆ ವಿಷನ್ ಎಕ್ಸ್-ಕೂಪೆ ಬೇರೆ ಥರಾನಾ?

ಸ್ವಲ್ಪ ಆಸೆ ಹುಟ್ಟಿಸುತ್ತದೆ. 510 ಪಿಎಸ್‌ನ ಪ್ಲಗ್-ಇನ್ ಹೈಬ್ರಿಡ್ (ಹೊರಗಿನಿಂದ ಚಾರ್ಜ್ ಮಾಡಬಹುದಾದ ಬ್ಯಾಟರಿಯೂ ಎಂಜಿನ್ನೂ ಎರಡೂ ಇರುವ ಕಾರು), ಬರೀ ಬ್ಯಾಟರಿಯಲ್ಲಿ 160 ಕಿಲೋಮೀಟರ್, ಎಂಜಿನ್ ಸೇರಿ 800 ಕಿಲೋಮೀಟರ್ ಅಂತ ಮಜ್ದಾ ಹೇಳುತ್ತದೆ. ಆದರೆ ಇದು ದೊಡ್ಡ ನಾಲ್ಕು ಬಾಗಿಲಿನ ಕಾರು, ಪುಟ್ಟ ಸ್ಪೋರ್ಟ್ಸ್ ಕಾರಲ್ಲ. ಪಾಚಿಯಿಂದ ಮಾಡಿದ ಇಂಧನ, ಹೊಗೆಯಿಂದ ಇಂಗಾಲವನ್ನು ಹಿಡಿದಿಡುವ ಸಾಧನ ಅಂತಲೂ ಸೇರಿಸಿದ್ದಾರೆ. ಓಡಿಸಿದಷ್ಟೂ ಗಾಳಿ ಶುದ್ಧವಾಗುತ್ತದೆ ಅನ್ನುವ ಧಾಟಿ. ಶೋ ಕಾರಿನ ಪಕ್ಕ ನಿಲ್ಲಿಸುವ ಫಲಕಕ್ಕೆ ಚೆನ್ನಾಗಿದೆ. ರಸ್ತೆಯ ಕಾರಿನಲ್ಲಿ ಬರಲಿ, ನೋಡೋಣ.

ಹೈಡ್ರೋಜನ್‌ನಲ್ಲಿ ಓಡುತ್ತದಂತೆ?

ಓಡುತ್ತದೆ. ಇದು ಕನಸಿನ ಮಾತಲ್ಲ. ಹೈಡ್ರೋಜನ್ ಮತ್ತು ಪೆಟ್ರೋಲ್ ಎರಡರಲ್ಲೂ ಓಡುವ ಆರ್‌ಎಕ್ಸ್-8 ಕಾರುಗಳನ್ನು ಮಜ್ದಾ 2006ರಲ್ಲೇ ಜಪಾನಿನಲ್ಲಿ ಬಾಡಿಗೆಗೆ ಕೊಟ್ಟಿತ್ತು. ಪಿಸ್ಟನ್ ಎಂಜಿನ್‌ನಲ್ಲಿ ಬಿಸಿಯಾದ ವಾಲ್ವ್ ತಾಗಿ ಹೈಡ್ರೋಜನ್ ಕಿಡಿಗೆ ಮುಂಚೆಯೇ ಹೊತ್ತಿಕೊಳ್ಳುವ ಭಯ ಇರುತ್ತದೆ. ರೋಟರಿಯಲ್ಲಿ ಒಳಗೆ ಬರುವ ಜಾಗ ತಣ್ಣಗಿದೆ, ಉರಿಯುವ ಜಾಗ ಬೇರೆ ಕಡೆ ಇದೆ. ಹಾಗಾಗಿ ಹೊಂದಿಕೆ ಚೆನ್ನಾಗಿದೆ. ತೊಂದರೆ ಎಂಜಿನ್‌ನದಲ್ಲ. ಹೈಡ್ರೋಜನ್ ತುಂಬಿಸುವ ಬಂಕ್ ಎಲ್ಲಿದೆ?

ಸದ್ದು ಹಳೆಯದರ ಹಾಗೇ ಇರುತ್ತದಾ?

ವಿಡಿಯೋಗಳಲ್ಲಿ ಕೇಳುವ ಬ್ರಪ್ ಬ್ರಪ್ ಸದ್ದು ಕಂಪನಿ ಕೊಟ್ಟದ್ದಲ್ಲ. ಗಾಳಿ ಬರುವ ತೂತನ್ನು ದೊಡ್ಡದು ಮಾಡಿಸಿದ ಎಂಜಿನ್‌ಗಳು ಹಾಗೆ ಗೊಣಗುತ್ತವೆ. ಕಾರ್ಖಾನೆಯಿಂದ ಬಂದ ಆರ್‌ಎಕ್ಸ್-7 ನಿಂತಲ್ಲಿ ಸಾಧುವಾಗಿಯೇ ಇರುತ್ತಿತ್ತು. ಹೊಸದರ ಸದ್ದನ್ನು ಶಬ್ದದ ನಿಯಮಗಳು ಇನ್ನೂ ತಗ್ಗಿಸುತ್ತವೆ. 787ಬಿಯ ಕಿರುಚಾಟ ಬೇಕಿದ್ದರೆ ಹಳೆಯ ರೆಕಾರ್ಡಿಂಗೇ ಗತಿ.

ಬಂದರೆ ಹೆಸರು ಆರ್‌ಎಕ್ಸ್-9 ಅಂತಾನಾ?

ಆ ಹೆಸರು ಅಭಿಮಾನಿಗಳು ಇಟ್ಟುಕೊಂಡದ್ದು. ಮಜ್ದಾ ಎಲ್ಲೂ ಹೇಳಿಲ್ಲ.

ಭಾರತಕ್ಕೆ ಬರುತ್ತದಾ?

ಆಸೆ ಇಟ್ಟುಕೊಳ್ಳಬೇಡಿ. ಮಜ್ದಾ ಇಲ್ಲಿ ಕಾರು ಮಾರುವುದೇ ಇಲ್ಲ. ಶೋರೂಮ್ ಇಲ್ಲ, ಸರ್ವಿಸ್ ಇಲ್ಲ. ಜಪಾನಿನಲ್ಲೂ ನಮ್ಮ ಹಾಗೇ ಸ್ಟೀರಿಂಗ್ ಬಲಕ್ಕೆ ಅನ್ನುವುದೊಂದೇ ಸಮಾಧಾನ. ಯಾರೋ ಒಬ್ಬರು ಹೊರಗಿನಿಂದ ತರಿಸಿದರೂ ಸುಂಕ, ರಸ್ತೆ ತೆರಿಗೆ ಸೇರಿ ಬೆಲೆ ದುಪ್ಪಟ್ಟಿನ ಆಚೆ ಹೋಗುತ್ತದೆ. ಕರ್ನಾಟಕದ ರಸ್ತೆ ತೆರಿಗೆ ದೇಶದಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು ಅನ್ನುವುದು ಬೆಂಗಳೂರಿನ ಕಾರಿನವರಿಗೆ ಹೇಳಿ ತಿಳಿಸಬೇಕಾಗಿಲ್ಲ. ಆಮೇಲೆ ಅಪೆಕ್ಸ್ ಸೀಲ್ ಬದಲಿಸುವ ಮೆಕ್ಯಾನಿಕ್ ಹುಡುಕಿಕೊಂಡು ಎಲ್ಲಿ ಹೋಗುತ್ತೀರಿ?

ಹೊರದೇಶದಲ್ಲಿದ್ದೇನೆ. ಹೊಸದು ಬರುವವರೆಗೆ ಹಳೆಯ ಆರ್‌ಎಕ್ಸ್-8 ಅಗ್ಗಕ್ಕೆ ಸಿಗುತ್ತಿದೆ. ತಗೊಳ್ಳಲಾ?

ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿರುವ ನಮ್ಮವರು ಜಾಸ್ತಿ ಕೇಳುವ ಪ್ರಶ್ನೆ ಇದು. ಅಗ್ಗ ಯಾಕೆ ಅಂತ ಮೊದಲು ಯೋಚಿಸಿ. ಎಂಜಿನ್ ಬಿಚ್ಚಿ ಕಟ್ಟಿಸುವ ಖರ್ಚು ಕಾರಿನ ಬೆಲೆಯನ್ನೇ ದಾಟಬಹುದು.

ನೋಡಲು ಹೋದಾಗ ಎಂಜಿನ್ ಬಿಸಿ ಇರುವಾಗ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿಸಿ. ತಣ್ಣಗಿದ್ದಾಗ ಸರಿಯಾಗಿ ಹೊತ್ತಿಕೊಂಡು ಬಿಸಿಯಾದಾಗ ಸತಾಯಿಸಿದರೆ ಸೀಲ್ ಸವೆದಿದೆ ಅಂತಲೇ ಲೆಕ್ಕ. ಒಳಗೆ ಗಾಳಿ ಎಷ್ಟು ಗಟ್ಟಿಯಾಗಿ ಒತ್ತಿಕೊಳ್ಳುತ್ತದೆ ಅಂತ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸದೆ ದುಡ್ಡು ಕೊಡಬೇಡಿ. ಸಾಮಾನ್ಯ ಮಾಪಕ ಇಲ್ಲಿ ನಡೆಯುವುದಿಲ್ಲ, ರೋಟರಿಗೆಂದೇ ಇರುವುದು ಬೇಕು. ಒಂದು ರೋಟರ್‌ಗೆ ಮೂರು ಅಂಕಿ ಬರಬೇಕು, ಒಟ್ಟು ಆರು. 250 ಆರ್‌ಪಿಎಂನಲ್ಲಿ 680 ಕಿಲೋಪಾಸ್ಕಲ್‌ಗಿಂತ ಕೆಳಗಿದ್ದರೆ ಮಜ್ದಾದ ಲೆಕ್ಕದಲ್ಲಿ ಆ ಎಂಜಿನ್ ಫೇಲ್. ಮಾರುವವರು ಒಂದೇ ಅಂಕಿ ಹೇಳಿ ಮುಗಿಸಿದರೆ ಪರೀಕ್ಷೆ ಸರಿಯಾಗಿ ಆಗಿಲ್ಲ.

ತಗೊಂಡ ಮೇಲೆ ಎರಡು ಅಭ್ಯಾಸ ಮಾಡಿಕೊಳ್ಳಿ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಆಯಿಲ್ ನೋಡಿ, ಅದು ಕುಡಿಯುವುದು ರೋಗವಲ್ಲ, ಗುಣ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಗೇಟಿನಿಂದ ಆಚೆ ನಿಲ್ಲಿಸಿ ತಕ್ಷಣ ಆಫ್ ಮಾಡಬೇಡಿ. ಒಳಗೆ ಪೆಟ್ರೋಲ್ ತುಂಬಿಕೊಂಡು ಮುಂದಿನ ಸಲ ಹೊತ್ತಿಕೊಳ್ಳುವುದಿಲ್ಲ. ಬಿಸಿಯಾಗುವವರೆಗೆ ಓಡಲಿ. ಪೂರ್ತಿ ಬಿಸಿಯಾದ ಮೇಲೆ ಆಗಾಗ ಕೆಂಪು ಗೆರೆಯವರೆಗೆ ಕರೆದುಕೊಂಡು ಹೋಗಿ, ಒಳಗೆ ಕಟ್ಟಿದ ಮಸಿ ಉದುರಲು ಅದೂ ಬೇಕು. ದಿನಾ ಎರಡು ಕಿಲೋಮೀಟರ್ ಆಫೀಸಿಗೆ ಹೋಗಿ ಬರಲು ಕಾರು ಬೇಕಿದ್ದರೆ ಇದನ್ನು ಬಿಟ್ಟು ಮಜ್ದಾದ್ದೇ ಸಾದಾ ಪಿಸ್ಟನ್ ಎಂಜಿನ್‌ನ ಎಂಎಕ್ಸ್-5 ನೋಡಿ.